ಸ್ಪೇಸರ್ ಹಾಕಿಸಿಕೊಂಡವರು ಕುಳಿತುಕೊಳ್ಳಬಹುದು ಎಂಬ ಬಗ್ಗೆ

ವಿಕಿರಣ ಚಿಕಿತ್ಸಾ ವಿಭಾಗ
(ನೆಲಮಾಳಿಗೆ)

ಸುತ್ತೋಲೆ ಸಂಖ್ಯೆ: ವಿಚಿವಿ/ಆಸನ/ಸ್ಪೇಸರ್/ತಿದ್ದುಪಡಿ-೩

ವಿಷಯ: ಪ್ರಾಸ್ಟೇಟ್ ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಗೆ ಮುನ್ನ ಸ್ಪೇಸರ್ ಹಾಕಿಸಿಕೊಂಡವರು ಕುಳಿತುಕೊಳ್ಳುವ, ನಿಲ್ಲುವ, ಮಂಡಿಯೂರುವ ಹಾಗೂ ಜ್ವರ ಬಂದಲ್ಲಿ ಬಾಯಿ ಬಿಡುವ ಬಗ್ಗೆ.

ಉಲ್ಲೇಖ:
೧) ಡ್ರೈವಿಂಗ್ ಶಾಲೆಯ ಮಾಸ್ತರೊಬ್ಬರ ಧರ್ಮಪತ್ನಿಯವರು ದೂರವಾಣಿಯಲ್ಲಿ ಏರುದನಿಯಲ್ಲಿ ತಿಳಿಸಿದ ವಿಷಯ.
೨) ಅದೇ ವಿಷಯವನ್ನು ಸದರಿಯವರು ಖುದ್ದಾಗಿ ಬಂದು ಇನ್ನೂ ಏರುದನಿಯಲ್ಲಿ ತಿಳಿಸಿದ್ದು.

ಪ್ರಸ್ತಾವನೆ:

ಮೇಲೆ ಹೇಳಿದ ಮಾಸ್ತರು ಊರಿಗೆಲ್ಲ ‘ಕ್ಲಚ್ ಮಾಸ್ತರು’ ಎಂದೇ ಪರಿಚಿತರು. ಕಲಿಯುವವರು ಸ್ಟಿಯರಿಂಗ್ ಹಿಡಿದು ನಡುಗುತ್ತಿರುವಾಗ, ಪಕ್ಕದ ಸೀಟಿನಲ್ಲಿ ಕಾಲಡಿ ತಮ್ಮದೇ ಒಂದು ಬ್ರೇಕ್ ಇಟ್ಟುಕೊಂಡು ಕೂರುವುದೇ ಅವರ ಜೀವಮಾನದ ಉದ್ಯೋಗ. ಎದುರಿಗೆ ಲಾರಿ ಬಂದರೂ ಎವೆಯಿಕ್ಕದೆ “ಕ್ಲಚ್ ಒತ್ತಿ, ಕ್ಲಚ್” ಎನ್ನುವ ಗಟ್ಟಿ ಗುಂಡಿಗೆಯ ಮನುಷ್ಯ. ಆದರೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ತಿಳಿದ ದಿನ ಅವರು ಆಸ್ಪತ್ರೆಯ ಹೊರಗೆ ನಿಂತು, ತಮ್ಮ ಕಾರು ಯಾವುದೆಂದು ಗುರುತು ಹಿಡಿಯಲಾರದೆ ಅತ್ತಿತ್ತ ನೋಡುತ್ತಿದ್ದರು. ಕಾರಿನ ನೆತ್ತಿಯ ಮೇಲೆ ಶಾಲೆಯ ಫಲಕ ಇತ್ತು. ಬಾಗಿಲ ಮೇಲೆ ಅವರದೇ ಭಾವಚಿತ್ರವೂ ಇತ್ತು. ಹೆಂಡತಿ ಬಂದು ಕೈ ಹಿಡಿದು ಕಾರಿನ ಬಳಿಗೆ ಕರೆದೊಯ್ದರು. ಈ ಹಿನ್ನೆಲೆಯಲ್ಲಿ, ಮುಂದೆ ನಡೆದದ್ದನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಆದೇಶಿಸಲಾಗಿದೆ.

ಕಲಂ ೧. ಸ್ಪೇಸರ್ ಎಂದರೇನು ಎಂಬ ಬಗ್ಗೆ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯೂ ಅದರ ಹಿಂದಿನ ಗುದನಾಳವೂ ಒಂದೇ ಗೋಡೆ ಹಂಚಿಕೊಂಡ ಮನೆಗಳಂತೆ ಒತ್ತಿಕೊಂಡಿರುವುದರಿಂದ, ಒಂದಕ್ಕೆ ಬಿಟ್ಟ ವಿಕಿರಣ ಇನ್ನೊಂದಕ್ಕೂ ತಾಗುವುದು ವಾಡಿಕೆ. ಆದಕಾರಣ ಇವೆರಡರ ನಡುವೆ ಸೂಜಿಯಿಂದ ಜೆಲ್ ತುಂಬಿ ಬೆರಳಗಲ ದೂರ ಮಾಡಲಾಗುತ್ತದೆ. ಇದನ್ನು ಸ್ಪೇಸರ್ ಎಂದು ಕರೆಯತಕ್ಕದ್ದು. ಸೂಜಿ ಚುಚ್ಚುವ ಜಾಗವನ್ನು ವಿವರಿಸುವುದು ಇಲಾಖೆಯ ಘನತೆಗೆ ತಕ್ಕುದಲ್ಲ. ಆದರೂ ವಿಧಿಯಿಲ್ಲದೆ ತಿಳಿಸುವುದೇನೆಂದರೆ, ಅದು ಮನುಷ್ಯ ಕುಳಿತಾಗ ಕುರ್ಚಿಯ ಕಡೆಗಿರುವ ಜಾಗ. ಮುಂದಿನ ಎಲ್ಲ ಅನರ್ಥಕ್ಕೂ ಇದೇ ಮೂಲ.

ವಿಭಾಗದ ಡಾಕ್ಟರಮ್ಮ ಇದನ್ನೆಲ್ಲ ಹೇಳಿದಾಗ ಮಾಸ್ತರು ಕಿವಿಗೊಟ್ಟು ಕೇಳಿದರು.

“ಅಂದ್ರೆ ಮುಂದಿನ ಗಾಡಿಗೂ ನಮ್ಮ ಗಾಡಿಗೂ ಮಧ್ಯೆ ಜಾಗ ಬಿಟ್ಟ ಹಾಗೆ.”

“ಹಾಗೇ ಅಂದ್ಕೊಳ್ಳಿ.”

“ಬಿಡದಿದ್ರೆ ಏನಾಗುತ್ತೆ?”

“ಗುದನಾಳಕ್ಕೂ ವಿಕಿರಣ ಸ್ವಲ್ಪ ಹೆಚ್ಚು ತಾಗುತ್ತೆ. ಆಮೇಲೆ ಕೆಲವರಿಗೆ ಉರಿ, ರಕ್ತ ಹೋಗೋದು, ಅವಸರ ತಡೆಯೋಕಾಗದೇ ಇರೋದು. ಎಲ್ರಿಗೂ ಆಗಲ್ಲ. ಆಗೋ ಸಂಭವ ಕಮ್ಮಿ ಮಾಡೋಣ ಅಂತ ಇದು. ಕ್ಯಾನ್ಸರ್ ವಾಸಿ ಮಾಡೋದು ವಿಕಿರಣ, ಜೆಲ್ ಅಲ್ಲ. ಅದನ್ನ ಮರೀಬೇಡಿ.”

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತೀರಾ ಎಂದು ಆಕೆ ಕೇಳಿದರು. ಮಾಸ್ತರು ಇಲ್ಲವೆಂದರು. ಹೆಂಡತಿ ಬ್ಯಾಗಿನಿಂದ ಮಾತ್ರೆಗಳ ಸರವನ್ನೇ ತೆಗೆದು ಮೇಜಿನ ಮೇಲೆ ಹರಡಿ, “ಇವರಿಗೆ ಏನು ತಿಂತಾರೆ ಅಂತ ಗೊತ್ತಿದ್ರೆ ತಾನೆ” ಎಂದರು. ಆಯಾ ರೋಗಿಯ ಪರವಾಗಿ ಉತ್ತರಿಸುವ ಅಧಿಕಾರವನ್ನು ಈ ಮೂಲಕ ಹೆಂಡತಿಯರಿಗೆ ಪ್ರದಾನ ಮಾಡಲಾಗಿದೆ. ಅವರು ಅದನ್ನು ಮೊದಲೇ ಚಲಾಯಿಸುತ್ತಿದ್ದರು ಎಂಬ ಅಂಶವನ್ನು ಗಮನಿಸಲಾಗಿದೆ.

ಕಲಂ ೨. ಕಾಯುವ ಕೊಠಡಿಯಲ್ಲಿ ಜ್ಞಾನದಾಸೋಹ ಮಾಡುವ ಬಗ್ಗೆ.

ಜೆಲ್ ಹಾಕಿಸಿಕೊಂಡ ದಿನ ಮಧ್ಯಾಹ್ನ ಮಾಸ್ತರ ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದರು. ಮಾಸ್ತರು ಕಾಯುವ ಕೊಠಡಿಯಲ್ಲಿ ಮೆಲ್ಲಗೆ ಕುರ್ಚಿಯ ಮೇಲೆ ಇಳಿಯುತ್ತಿದ್ದರು. ಪಕ್ಕದಲ್ಲಿ, ಇದೇ ಕಾಯಿಲೆಗೆ ಆಗತಾನೇ ವಿಕಿರಣ ಚಿಕಿತ್ಸೆ ಶುರುಮಾಡಿಸಿಕೊಂಡಿದ್ದ ಹಿರಿಯರೊಬ್ಬರಿದ್ದರು. ಇವರು ಊರಿನ ನೀರು ಸರಬರಾಜಿನಲ್ಲಿ ಪೈಪುಗಳ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರು. ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದರು, ಕೇಳದಿದ್ದರೂ ಕೊಡುತ್ತಿದ್ದರು. ಆದ್ದರಿಂದ ದಾದಿಯರು ಅವರಿಗೆ ‘ಎಲ್ಲಬಲ್ಲರು’ ಎಂದು ಹೆಸರಿಟ್ಟಿದ್ದರು.

“ಏನ್ ಮಾಸ್ತರೇ, ಕೂರ್ತಾ ಇದೀರಿ?” ಎಂದರು ಎಲ್ಲಬಲ್ಲರು, ಬಾವಿಗೆ ಬೀಳುವವನನ್ನು ಕಂಡವರಂತೆ.

“ಯಾಕೆ, ಕೂರಬಾರದಾ?”

“ಒಳಗಡೆ ಏನು ತುಂಬಿದಾರೆ? ಜೆಲ್. ಜೆಲ್ ಅಂದ್ರೇನು? ನೀರು. ನೀರಿಗೆ ಮೇಲಿಂದ ಒತ್ತಡ ಬಿದ್ರೆ ಏನಾಗುತ್ತೆ? ಜೀವಮಾನವಿಡೀ ನೋಡಿದೀನಿ ನಾನು. ಎಂಥೆಂಥ ಕಬ್ಬಿಣದ ಪೈಪೇ ಸೀಳಿಹೋಗುತ್ತೆ.”

ಅರ್ಧಕ್ಕೆ ಇಳಿದಿದ್ದ ಮಾಸ್ತರು ಅರ್ಧದಲ್ಲೇ ನಿಂತರು. ಮತ್ತೆ ಎದ್ದರು. ಮನೆಗೆ ಹೊರಡುವ ಮುನ್ನ ದಾದಿ ಬಂದು ಹೇಳಿದ ಸೂಚನೆಗಳಲ್ಲಿ ಒಂದೂ ಅವರ ತಲೆಗೆ ಇಳಿಯಲಿಲ್ಲ. ಅವರ ಕಿವಿಯಲ್ಲಿ ಕಬ್ಬಿಣದ ಪೈಪು ಸೀಳುತ್ತಿತ್ತು.

ಇನ್ನು ಮುಂದೆ ಕಾಯುವ ಕೊಠಡಿಯಲ್ಲಿ ಹವಾಮಾನ, ಮೊಮ್ಮಕ್ಕಳು ಹಾಗೂ ಮೊಣಕಾಲು ನೋವು ಈ ಮೂರು ವಿಷಯಗಳ ಬಗ್ಗೆ ಮಾತ್ರ ಉಪನ್ಯಾಸ ನೀಡತಕ್ಕದ್ದೆಂದು ಸೂಚಿಸಲಾಗಿದೆ. ಮೊಣಕಾಲಿನ ವಿಷಯದಲ್ಲೂ ಪರಿಹಾರ ಸೂಚಿಸುವಂತಿಲ್ಲ.

ಕಲಂ ೩. ನಿಂತೇ ಬದುಕುವ ಬಗ್ಗೆ.

ಅಂದಿನಿಂದ ಮಾಸ್ತರು ಕೂರುವುದನ್ನು ಬಿಟ್ಟರು. ಊಟವನ್ನು ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಮಾಡಿದರು. ಟಿವಿಯನ್ನು ಬಾಗಿಲ ಚೌಕಟ್ಟಿಗೆ ಒರಗಿ ನೋಡಿದರು. ಮಲಗುವಾಗ ಬೋರಲು. ಬಹಿರ್ದೆಸೆಗೆ ಹೋದಾಗ ಏನು ಮಾಡುತ್ತಿದ್ದರೆಂಬುದು ಕಡತದಲ್ಲಿ ಲಭ್ಯವಿಲ್ಲ, ವಿಚಾರಿಸುವ ಧೈರ್ಯವನ್ನೂ ಯಾರೂ ಮಾಡಿಲ್ಲ.

“ರೀ, ಏನ್ರೀ ಇದು, ಬಸ್ಸಿನಲ್ಲಿ ಸೀಟ್ ಸಿಗದೋರ ಥರ ಮನೆಯೊಳಗೆ ನಿಂತಿರ್ತೀರಲ್ಲ?” ಎಂದು ಹೆಂಡತಿ ಕೇಳಿದರು.

“ನಿಂತ್ರೆ ಒಳ್ಳೇದಂತೆ. ರಕ್ತ ಓಡಾಡುತ್ತೆ.”

“ಯಾರು ಹೇಳಿದ್ದು?”

“ಆಸ್ಪತ್ರೇಲಿ.”

ಇದು ಸುಳ್ಳಲ್ಲ. ಆಸ್ಪತ್ರೆಯಲ್ಲೇ ಹೇಳಿದ್ದು. ಹೇಳಿದವರು ಯಾರೆಂಬುದನ್ನಷ್ಟೇ ಮಾಸ್ತರು ನುಂಗಿಕೊಂಡರು. ಹೆಂಡತಿಗೆ ನಿಜ ಹೇಳಿದರೆ ಆಕೆ ಭಯಪಡುತ್ತಾರೆ ಎಂಬುದು ಅವರ ಲೆಕ್ಕ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೂ, ಆಕೆಗೆ ಭಯಕ್ಕಿಂತ ಮೊದಲು ಕೋಪ ಬರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಕಲಂ ೪. ಇಳಿಜಾರಿನಲ್ಲಿ ಕುಳಿತುಕೊಂಡ ಬಗ್ಗೆ.

ಡಾಕ್ಟರಮ್ಮ ಕೆಲವು ದಿನ ವಿಶ್ರಾಂತಿ ಎಂದಿದ್ದರೂ ಮಾಸ್ತರು ಮನೆಯಲ್ಲಿ ನಿಂತು ನಿಂತು ಬೇಸತ್ತು, ಪಾಠ ಶುರುಮಾಡಿದರು. ಕಲಿಯುತ್ತಿದ್ದವರು ಬೇಕರಿಯ ಒಡತಿ. ಕಾರಿನಲ್ಲಿ ಅವರು ಒಬ್ಬರೇ, ಮಾಸ್ತರು ರಸ್ತೆಯ ಬದಿಯಲ್ಲಿ ನಿಂತು ಕೂಗಿ ಹೇಳುವುದು. ಇಂಥ ಪಾಠ ನ್ಯಾಯಸಮ್ಮತವೇ ಎಂಬುದು ಸಾರಿಗೆ ಇಲಾಖೆಯ ವ್ಯಾಪ್ತಿಗೆ ಒಳಪಟ್ಟ ವಿಷಯವಾದ್ದರಿಂದ ಈ ಇಲಾಖೆ ಬೇರೆ ಕಡೆ ನೋಡಿದೆ.

ಏರು ರಸ್ತೆಯಲ್ಲಿ ಕಾರು ಒಮ್ಮೆ ಕೆಮ್ಮಿ ನಿಂತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಹಾಲಿನ ವ್ಯಾನು ನಿಂತಿತ್ತು, ವ್ಯಾನಿನ ಹಿಂಬಾಗಿಲಲ್ಲಿ ಕ್ರೇಟು ಇಳಿಸುತ್ತಿದ್ದ ಮನುಷ್ಯ ಈ ಕಡೆ ಬೆನ್ನು ಮಾಡಿದ್ದ.

“ಬ್ರೇಕ್! ಬ್ರೇಕ್ ಒತ್ತಿ!”

“ಯಾವುದು ಮಾಸ್ತರೇ? ಯಾವುದು?”

ಮಾಸ್ತರಿಗೆ ಜೆಲ್ ನೆನಪಾಗಲಿಲ್ಲ, ಪೈಪು ನೆನಪಾಗಲಿಲ್ಲ. ಓಡಿದರು. ಜಾರುತ್ತಿದ್ದ ಕಾರಿನ ಬಾಗಿಲು ಕಿತ್ತಂತೆ ತೆಗೆದು, ತಮ್ಮ ಸೀಟಿನ ಮೇಲೆ ಧೊಪ್ಪನೆ ಬಿದ್ದು, ತಮ್ಮ ಬ್ರೇಕನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದರು. ಕಾರು ನಿಂತಿತು. ವ್ಯಾನಿನವನಿಗೆ ಏನೂ ಗೊತ್ತಾಗಲಿಲ್ಲ. ಅವನು ಇಂದಿಗೂ ಅದೇ ಬೀದಿಯಲ್ಲಿ ಹಾಲು ಇಳಿಸುತ್ತಿದ್ದಾನೆ.

ಮಾಸ್ತರ ಮುಖ ಮಾತ್ರ ಸುಣ್ಣ ಬಳಿದಂತಾಗಿತ್ತು. “ಹೋಯ್ತು” ಎಂದರು.

“ಏನ್ ಹೋಯ್ತು ಮಾಸ್ತರೇ? ಕ್ಲಚ್ಚಾ?” ಬೇಕರಿಯ ಒಡತಿ ಅಳುವ ದನಿಯಲ್ಲಿ ಕೇಳಿದರು.

“ಕ್ಲಚ್ ಅಲ್ಲಮ್ಮ.”

“ಮತ್ತೇನು? ನಾನು ಕಟ್ಟಿಕೊಡ್ತೀನಿ, ಹೇಳಿ.”

ಒಬ್ಬ ಹೆಣ್ಣುಮಗಳಿಗೆ ಹೇಳುವಂಥ ವಸ್ತುವೇ ಅದು? ಮಾಸ್ತರು ಹ್ಯಾಂಡ್‌ಬ್ರೇಕ್ ಎಳೆದು, “ಇವತ್ತಿಗೆ ಸಾಕು” ಎಂದರು.

ಕಲಂ ೫. ಜ್ವರವನ್ನು ಸ್ವೆಟರಿನೊಳಗೆ ಬಚ್ಚಿಡುವ ಬಗ್ಗೆ.

ಮರುದಿನ ಚಳಿ ಹುಟ್ಟಿತು. ಸೂಜಿ ಚುಚ್ಚಿದ ಕಡೆ ಮೊದಲು ಕಡಿಮೆಯಾಗಿದ್ದ ನೋವು ಮತ್ತೆ ಏರತೊಡಗಿತು. ನಾನು ಕೂತೆ, ಅದು ಒಡೆಯಿತು, ಒಡೆದದ್ದು ಒಳಗೆಲ್ಲ ಹರಡಿತು. ಮಾಸ್ತರ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು. ಆಸ್ಪತ್ರೆಗೆ ಹೇಳಿದರೆ, ಇಷ್ಟು ಕಷ್ಟಪಟ್ಟು ಹಾಕಿದ್ದನ್ನು ಹಾಳು ಮಾಡಿಕೊಂಡಿರಾ ಎಂದು ಬೈದು ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟರೆ? ಹೀಗೆ ಅಂಜಿ ಅವರು ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡು ಕಿಟಕಿಯ ಬಳಿ ನಿಂತರು. ಕೈಯಲ್ಲಿದ್ದ ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತಿತ್ತು. ಹೆಂಡತಿ ಅದನ್ನು ಕೇಳಿ ಅಡುಗೆಮನೆಯಿಂದ ಬಂದು ಹಣೆ ಮುಟ್ಟಿ ನೋಡಿದರು.

“ಕೆಂಡ ಆಗಿದೆಯಲ್ರೀ ಮೈ! ಕೂತ್ಕೊಳ್ಳಿ ಮೊದಲು.”

“ಬೇಡ ಕಣೇ.”

“ಯಾಕೆ ಬೇಡ?”

ಮಾಸ್ತರ ಕಣ್ಣು ತುಂಬಿ ಬಂತು. “ನಾನು ಕೂತುಬಿಟ್ಟೆ ಕಣೇ.”

“ಕೂತ್ರಾ? ಯಾರನ್ನೋ ಕೊಂದು ಬಂದೋರ ಥರ ಹೇಳ್ತಿದೀರಲ್ಲ!”

ಆಮೇಲೆ ಎಲ್ಲವೂ ಹೊರಬಂತು. ಜೆಲ್, ಪೈಪು, ಎಲ್ಲಬಲ್ಲರು, ಹಾಲಿನ ವ್ಯಾನು. ಹೆಂಡತಿ ಕೊನೆಯವರೆಗೆ ಕೇಳಿ ಫೋನು ಎತ್ತಿದರು. ಆಡಬೇಕಾದ್ದನ್ನೆಲ್ಲ ಇಲಾಖೆಗೆ ಆಡಿದರು (ನೋಡಿ: ಉಲ್ಲೇಖ ೧). ಈ ತುದಿಯಲ್ಲಿದ್ದ ದಾದಿ ಕೇಳಿದ್ದು ಇಷ್ಟೇ: “ಜ್ವರ, ಚಳಿ, ನೋವು ಮೂರೂ ಇದೆಯಾ? ಹಾಗಾದ್ರೆ ಯಾವ ಮಾತ್ರೇನೂ ಹುಡುಕ್ತಾ ಕೂರಬೇಡಿ, ಈಗಲೇ ಕರ್ಕೊಂಡು ಬನ್ನಿ.”

ಜ್ವರ, ಚಳಿ, ಹೆಚ್ಚುತ್ತಿರುವ ನೋವು, ಗುದದ್ವಾರದಿಂದ ರಕ್ತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಹೊತ್ತುಗೊತ್ತು ನೋಡದೆ ತಿಳಿಸತಕ್ಕದ್ದು. ತಿಳಿಸಿದವರನ್ನು ಬೈಯುವಂತಿಲ್ಲ ಎಂದು ಸಿಬ್ಬಂದಿಗೆ ಕಟ್ಟುನಿಟ್ಟಾಗಿ ಆದೇಶಿಸಲಾಗಿದೆ. ಬೈಯಲೇಬೇಕೆನಿಸಿದಲ್ಲಿ, ಎಂದೂ ಹೊತ್ತಿಗೆ ನೆಲಮಾಳಿಗೆಗೆ ಇಳಿಯದ ಲಿಫ್ಟನ್ನು ಬೈಯತಕ್ಕದ್ದು.

ಕಲಂ ೬. ಟ್ಯಾಕ್ಸಿಯಲ್ಲಿ ಮಂಡಿಯೂರುವ ಬಗ್ಗೆ.

ಅಷ್ಟಾದರೂ ಮಾಸ್ತರು ಕೂರಲಿಲ್ಲ. ಟ್ಯಾಕ್ಸಿಯ ಹಿಂಬದಿಯ ಸೀಟಿನ ಮೇಲೆ ಮಂಡಿಯೂರಿ, ಸೀಟಿನ ಬೆನ್ನನ್ನು ತಬ್ಬಿಕೊಂಡು, ಹಿಂದಿನ ಗಾಜಿನತ್ತ ಮುಖ ಮಾಡಿ ಊರು ದಾಟಿದರು. ಸ್ವೆಟರು ಹಾಕಿದ ಹಿರಿಯ ಮುಖವೊಂದು ನೆಟ್ಟ ಕಣ್ಣಿನಿಂದ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಹಿಂದಿನ ಕಾರುಗಳವರು ತಬ್ಬಿಬ್ಬಾದರು. ಮಾಸ್ತರು ಜ್ವರದಲ್ಲೂ ಸುಮ್ಮನಿರಲಿಲ್ಲ.

“ನೋಡೇ, ಆ ಕೆಂಪು ಕಾರಿನವನನ್ನ. ಎಷ್ಟು ಒತ್ತಿಕೊಂಡು ಬರ್ತಿದಾನೆ! ಇವನಿಗೆ ಯಾರು ಕಲಿಸಿದ್ದು?”

“ನೀವೇ ಕಲಿಸಿರ್ತೀರಿ, ಸುಮ್ಮನಿರಿ,” ಎಂದರು ಹೆಂಡತಿ. ಹಾಗೆ ಎನ್ನುತ್ತಲೇ ಅವರು ಗಂಡನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ದಾರಿಯುದ್ದಕ್ಕೂ ಆ ಹಿಡಿತ ಸಡಿಲಲಿಲ್ಲ. ಮಾಸ್ತರು ಸೀಟನ್ನು ತಬ್ಬಿದ್ದ ಒಂದು ಕೈ ಬಿಡಿಸಿ ಹೆಂಡತಿಯ ಕೈಯ ಮೇಲೆ ಇಟ್ಟರು.

ಸ್ಪೇಸರ್ ಹಾಕಿಸಿಕೊಂಡವರು ವಾಹನದಲ್ಲಿ ಮುಂದಕ್ಕೇ ಮುಖ ಮಾಡಿ ಪ್ರಯಾಣಿಸತಕ್ಕದ್ದು.

ಕಲಂ ೭. ಜೆಲ್ ಕುಳಿತ ಸ್ಥಳದ ಬಗ್ಗೆ.

ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಚಿತ್ರವನ್ನು ಮಾಸ್ತರ ಹಾಸಿಗೆಯ ಬಳಿಗೇ ತಂದು ತೋರಿಸಿದರು.

“ಇದು ಪ್ರಾಸ್ಟೇಟ್, ಇದು ಗುದನಾಳ. ಮಧ್ಯೆ ಇರೋದೇ ನಿಮ್ಮ ಜೆಲ್. ಒಡೆದಿಲ್ಲ, ಜಾರಿಲ್ಲ. ಕೂತ್ರೆ ಒಡೆಯೋಕೆ ಅದು ನೀರಿನ ಚೀಲ ಅಲ್ಲ ಮಾಸ್ತರೇ. ಹಾಕಿದ ಕೂಡಲೇ ಗಟ್ಟಿಯಾಗಿಬಿಡುತ್ತೆ. ನಿಮಗಿಂತ ಚೆನ್ನಾಗಿ ಅದೇ ಕೂತಿದೆ.”

“ಮತ್ತೆ ಈ ಜ್ವರ?”

“ಸೂಜಿ ಹೋದ ದಾರೀಲಿ ಸ್ವಲ್ಪ ಸೋಂಕು ಆಗಿದೆ. ಅಪರೂಪಕ್ಕೆ ಆಗುತ್ತೆ. ನೀವು ಕೂತಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಇನ್ನೊಂದೆರಡು ದಿನ ಹೀಗೇ ಸ್ವೆಟರ್ ಹಾಕ್ಕೊಂಡು ನಿಂತಿದ್ರೆ ಕೀವು ಕಟ್ಟಿಕೊಂಡು, ನಿಮ್ಮ ಜೀವಕ್ಕೇ ಬರ್ತಿತ್ತು.”

ಆಕೆ ನಗುತ್ತಲೇ ಶುರುಮಾಡಿದ್ದರು. ಕೊನೆಯ ಮಾತು ಹೇಳುವಾಗ ನಗಲಿಲ್ಲ. ಡ್ರಿಪ್ಪಿನಲ್ಲಿ ಔಷಧಿ ಹತ್ತಿತು. ಜ್ವರ ಇಳಿಯುವವರೆಗೆ ಮಾಸ್ತರನ್ನು ವಾರ್ಡಿನಲ್ಲಿ ಇಟ್ಟುಕೊಳ್ಳಲಾಯಿತು. ಅಲ್ಲಿಯೂ ಅವರು ಬೋರಲೇ ಮಲಗಿದ್ದರು, ಅಭ್ಯಾಸಬಲದಿಂದ.

ಕಲಂ ೮. ‘ನಿಮಗೆ ಆಗಲ್ಲ’ ಎಂದು ಹೇಳುವ ಬಗ್ಗೆ.

ಜ್ವರ ಇಳಿದ ದಿನ ಮಾಸ್ತರಿಗೆ ಕೋಪ ಏರಿತು. ಕೆಳಗಿಳಿದು ಆ ಎಲ್ಲಬಲ್ಲರಿಗೆ ನಾಲ್ಕು ಮಾತು ಆಡಿಯೇ ಬಿಡುವುದೆಂದು ಕೈಯಲ್ಲಿ ಡ್ರಿಪ್ಪಿನ ಕಂಬ ತಳ್ಳಿಕೊಂಡು ನೆಲಮಾಳಿಗೆಗೆ ಬಂದರು. ಕಾಯುವ ಕೊಠಡಿಯ ಬಾಗಿಲಲ್ಲಿ ನಿಂತರು. ಒಳಗೆ ಡಾಕ್ಟರಮ್ಮ ಎಲ್ಲಬಲ್ಲರ ಪಕ್ಕದಲ್ಲಿದ್ದರು.

“ಅವರನ್ನ ಯಾಕೆ ಹೆದರಿಸಿದ್ರಿ ಯಜಮಾನ್ರೇ?”

ಎಲ್ಲಬಲ್ಲರು ತಲೆ ತಗ್ಗಿಸಿದ್ದರು. ಅವರು ಉತ್ತರವಿಲ್ಲದೆ ಕುಳಿತದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

“ನಾನೂ ಕೇಳಿದ್ನಮ್ಮ, ನನಗೂ ಅದನ್ನ ಹಾಕಿ ಅಂತ. ನಿಮಗೆ ಆಗಲ್ಲ ಅಂದ್ರು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ಇನ್ನು ಇವನಿಗೆ ಮಾಡಿ ಏನು ಪ್ರಯೋಜನ ಅಂತ ಕೈ ಬಿಟ್ರು ಅಂದ್ಕೊಂಡೆ. ಅದು ಕೆಟ್ಟದ್ದು, ನನಗೆ ಬೇಡವೇ ಬೇಡ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಹೇಳ್ಕೊಂಡಿದ್ದು ಬಾಯಿಂದ ಹೊರಗೂ ಬಂದುಬಿಡ್ತು.”

ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುವುದುಂಟು. ಈ ದ್ರಾಕ್ಷಿಯನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದು ಇಲಾಖೆಯೇ ಎಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. “ನಿಮ್ಮ ಕಾಯಿಲೆ ಗ್ರಂಥಿಯ ಹಿಂಬದಿಗೆ ಸ್ವಲ್ಪ ಚಾಚಿದೆ. ಅಲ್ಲೇ ಜೆಲ್ ತುಂಬಿದ್ರೆ, ಚಾಚಿದ್ದನ್ನ ನಾವೇ ವಿಕಿರಣದಿಂದ ಆಚೆ ತಳ್ಳಿದ ಹಾಗಾಗುತ್ತೆ. ಅದಕ್ಕೇ ಬೇಡ ಅಂದಿದ್ದು. ಜೆಲ್ ಇಲ್ಲದೇನೂ ಗುದನಾಳ ಉಳಿಸಿಕೊಂಡು ಚಿಕಿತ್ಸೆ ಮಾಡೋಕೆ ದಾರಿ ಇದೆ. ಅದನ್ನೇ ಮಾಡ್ತಿದೀವಿ.”

“ಹಾಗಾದ್ರೆ ನನ್ನ ಕೈ ಬಿಟ್ಟಿಲ್ವಾ?”

“ಬಿಟ್ಟಿದ್ರೆ ದಿನಾ ಬನ್ನಿ ಬನ್ನಿ ಅಂತ ಯಾಕೆ ಕರೀತಿದ್ವಿ?”

ಎಲ್ಲಬಲ್ಲರು ಅಂಗೈಯಿಂದ ಮುಖ ಒರೆಸಿಕೊಂಡರು. ಬಾಗಿಲಲ್ಲಿದ್ದ ಮಾಸ್ತರ ನಾಲ್ಕು ಮಾತುಗಳೂ ಎಲ್ಲಿಗೋ ಹೋಗಿದ್ದವು. ಅವರು ಕಂಬ ತಳ್ಳಿಕೊಂಡು ಒಳಗೆ ಬಂದು, “ಸ್ವಲ್ಪ ಸರೀರಿ ಯಜಮಾನ್ರೇ” ಎಂದು ಪಕ್ಕದ ಕುರ್ಚಿಯ ಮೇಲೆ ಕುಳಿತರು. ಪೂರ್ತಿ ಕುಳಿತರು. ಕುಳಿತ ಮೇಲೆ, “ಅಯ್ಯೋ, ಎಷ್ಟು ಹಾಯಾಗಿದೆ” ಎಂದರು.

ಇನ್ನು ಮುಂದೆ ಯಾರಿಗಾದರೂ ‘ನಿಮಗೆ ಆಗಲ್ಲ’ ಎಂದು ಹೇಳಬೇಕಾದಲ್ಲಿ ಏಕೆ ಎಂಬುದನ್ನೂ ಹೇಳತಕ್ಕದ್ದು. ಹೇಳುವಾಗ ನಿಂತಿರಬಾರದು, ಗಡಿಯಾರ ನೋಡಬಾರದು.

ಕಲಂ ೯. ಕುಳಿತುಕೊಳ್ಳುವ ಅನುಮತಿ.

ಸ್ಪೇಸರ್ ಹಾಕಿಸಿಕೊಂಡವರು ಕುರ್ಚಿ, ಬೆಂಚು, ಸೋಫಾ, ಮೆಟ್ಟಿಲು ಹಾಗೂ ಜಗಲಿಯ ಮೇಲೆ ಕುಳಿತುಕೊಳ್ಳಬಹುದೆಂದು ಈ ಮೂಲಕ ಆದೇಶಿಸಲಾಗಿದೆ. ಮೊದಮೊದಲು ಏನೋ ಒತ್ತಿದಂತೆ ಅನಿಸಿದಲ್ಲಿ ದಿಂಬು ಇಟ್ಟುಕೊಳ್ಳಬಹುದು. ದಿಂಬಿನ ಬಣ್ಣದ ಬಗ್ಗೆ ಇಲಾಖೆಗೆ ಯಾವುದೇ ಅಭಿಪ್ರಾಯವಿರುವುದಿಲ್ಲ.

ಕಲಂ ೧೦. ನೀರು ಮತ್ತು ವಾಯು.

ಸೋಂಕು ಪೂರ್ತಿ ವಾಸಿಯಾದ ಮೇಲೆ, ಅಂದುಕೊಂಡಿದ್ದಕ್ಕಿಂತ ತುಸು ತಡವಾಗಿ, ಮಾಸ್ತರ ವಿಕಿರಣ ಚಿಕಿತ್ಸೆ ಆರಂಭವಾಯಿತು. ಪ್ರತಿದಿನ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿಯಿರಬೇಕು. ಹೇಳಲು ಸುಲಭ. ಮಾಸ್ತರೂ ಎಲ್ಲಬಲ್ಲರೂ ಅಕ್ಕಪಕ್ಕ ಕುಳಿತು, ಪಂತಕ್ಕೆ ಬಿದ್ದವರಂತೆ ನೀರು ಕುಡಿದು, ಆಮೇಲೆ ಕಾಲ ಮೇಲೆ ಕಾಲು ಹಾಕಿ ಚಾವಣಿ ನೋಡುತ್ತಿದ್ದರು. ಒಂದು ದಿನ ಸ್ಕ್ಯಾನಿನಲ್ಲಿ ಗುದನಾಳದೊಳಗೆ ಗಾಳಿ ಕಂಡು ತಂತ್ರಜ್ಞರು ಮಾಸ್ತರನ್ನು ಯಂತ್ರದಿಂದ ಇಳಿಸಿ, “ಸ್ವಲ್ಪ ಓಡಾಡಿಕೊಂಡು ಬನ್ನಿ” ಎಂದರು. ಮಾಸ್ತರು ಮೊಗಸಾಲೆಯಲ್ಲಿ ಗಂಭೀರವಾಗಿ ಅಡ್ಡಾಡಿದರು. ಎಲ್ಲಬಲ್ಲರು ಜೊತೆಗಿರಲೆಂದು ತಾವೂ ಅಡ್ಡಾಡಿದರು. ಕೊನೆಗೆ ಗೋಡೆಯಾಚೆ ಮೇಜುಗಳ ಮೇಲೆ ತಲೆ ಬಗ್ಗಿಸಿದ್ದ ಲೆಕ್ಕಪತ್ರ ಶಾಖೆಯವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಹೊರಗೆ ಎಲ್ಲಬಲ್ಲರು ಕೈ ಕುಲುಕಿ ಅಭಿನಂದಿಸಿದರು.

ವಾಯು ವಿಸರ್ಜನೆಯನ್ನು ಮೊಗಸಾಲೆಯ ಉತ್ತರ ತುದಿಯಲ್ಲಿ ನೆರವೇರಿಸತಕ್ಕದ್ದು. ಪೂರ್ವಾನುಮತಿಯ ಅಗತ್ಯವಿರುವುದಿಲ್ಲ. ಅಭಿನಂದನೆ ಐಚ್ಛಿಕ.

ಈಗ ಕಾಯುವ ಕೊಠಡಿಯಲ್ಲಿ ಹೊಸಬರು ಏನಾದರೂ ಕೇಳಿದರೆ ಎಲ್ಲಬಲ್ಲರು, “ನನಗೆ ಗೊತ್ತಿಲ್ಲಪ್ಪ, ಸಿಸ್ಟರನ್ನ ಕೇಳಿ. ಯಾಕೆ ಅಂತಲೂ ಕೇಳಿ” ಎನ್ನುತ್ತಾರೆ. ಇದಕ್ಕಾಗಿ ಅವರಿಗೆ ಪ್ರಶಂಸಾಪತ್ರ ನೀಡುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ. ಹೆಸರನ್ನು ಬದಲಿಸುವ ಪ್ರಸ್ತಾವನೆಯನ್ನು ದಾದಿಯರು ತಿರಸ್ಕರಿಸಿದ್ದಾರೆ.

ಕಲಂ ೧೧. ಜೆಲ್ ನಿರ್ಗಮಿಸುವ ಬಗ್ಗೆ.

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಮಾಸ್ತರು ತಪಾಸಣೆಗೆ ಬಂದರು. ರಕ್ತದ ಫಲಿತಾಂಶ ನೋಡಿ ಡಾಕ್ಟರಮ್ಮ ಸಂತೋಷಪಟ್ಟರು. ಇನ್ನು ಮೇಲೂ ಆಗಾಗ ಬಂದು ತೋರಿಸಬೇಕೆಂದರು. ಸ್ಕ್ಯಾನಿನ ಚಿತ್ರದಲ್ಲಿ ಗ್ರಂಥಿಯೂ ಗುದನಾಳವೂ ಮತ್ತೆ ಒತ್ತಿಕೊಂಡಿದ್ದವು. ನಡುವೆ ಏನೂ ಇರಲಿಲ್ಲ.

“ಎಲ್ಲಿ ಹೋಯ್ತು?” ಎಂದರು ಮಾಸ್ತರು.

“ಕರಗಿ ಹೋಯ್ತು. ನಿಮಗೇ ಗೊತ್ತಾಗದ ಹಾಗೆ ಮೂತ್ರದಲ್ಲಿ ಹೊರಟುಹೋಗಿದೆ.”

ಮಾಸ್ತರು ಚಿತ್ರದಲ್ಲಿ ಜೆಲ್ ಇದ್ದ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

“ನೋಡಿದೆಯೇನೇ? ಬಂತು, ಒಂದು ಮೂಲೇಲಿ ತನ್ನ ಪಾಡಿಗೆ ತಾನಿತ್ತು, ಕೆಲಸ ಮುಗೀತು, ಬಿಡು ಅನ್ನೋ ಮೊದಲೇ ಬಿಟ್ಟುಕೊಟ್ಟು ಹೋಯ್ತು. ನಮ್ಮ ಮೇಲ್ಮಹಡಿ ಬಾಡಿಗೆಯೋರೂ ಇದಾರೆ, ಮನೆ ಬಿಡಿ ಬಿಡಿ ಅಂದ್ರೂ ಅಲ್ಲಾಡಲ್ಲ!”

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಅದು ನಗುವಿನದೇ ಎಂದು ಇಲಾಖೆ ದಾಖಲಿಸಿಕೊಂಡಿದೆ.

ಈ ಸುತ್ತೋಲೆ ಓದಿದ ಕ್ಷಣದಿಂದಲೇ ಜಾರಿಗೆ ಬರುತ್ತದೆ.

ಸಹಿ/- (ಓದಲು ಬಾರದು)
ಮುಖ್ಯಸ್ಥರ ಪರವಾಗಿ,
ವಿಕಿರಣ ಚಿಕಿತ್ಸಾ ವಿಭಾಗ

ಪ್ರತಿಗಳು:
೧. ದಾದಿಯರ ಕೊಠಡಿಗೆ, ದೂರವಾಣಿಯ ಮೇಲೆ ಅಂಟಿಸಲು.
೨. ಲೆಕ್ಕಪತ್ರ ಶಾಖೆಗೆ, ಕ್ಷಮಾಪಣೆಯೊಂದಿಗೆ.
೩. ಬೇಕರಿಯ ಒಡತಿಗೆ, ಹೋದದ್ದು ಕ್ಲಚ್ ಅಲ್ಲ, ಏನೂ ಅಲ್ಲ ಎಂಬ ಮಾಹಿತಿಗಾಗಿ.
೪. ಮಾಸ್ತರ ಮನೆಯ ಮೇಲ್ಮಹಡಿಯ ಬಾಡಿಗೆದಾರರಿಗೆ, ಓದಿ ಮನನ ಮಾಡಿಕೊಂಡು ಸೂಕ್ತ ಕ್ರಮಕ್ಕಾಗಿ.